ತಿಮಿಂಗಿಲ ರಕ್ಷಣೆ: ಉತ್ಸಾಹದ ಜತೆಗೆ ತರಬೇತಿಯೂ ಅಗತ್ಯ

ಸಮುದ್ರತೀರದಲ್ಲಿ ಸಿಲುಕುವ ತಿಮಿಂಗಿಲಗಳನ್ನು ಮರಳಿ ನೀರಿಗೆ ಸೇರಿಸುವ ಕಾರ್ಯದಲ್ಲಿ ನ್ಯೂಜಿಲೆಂಡ್‌ನ ಅನುಭವ ದೊಡ್ಡದು. 1974ರಲ್ಲಿ ಆರಂಭವಾದ ‘ಪ್ರಾಜೆಕ್ಟ್ ಜೋನಾ’ ಎಂಬ ಸಂಸ್ಥೆ ಅಲ್ಲಿ ಸಾಮಾನ್ಯ ನಾಗರಿಕರಿಗೆ ಒಂದು ದಿನದ ತರಬೇತಿ ನೀಡಿ, ಸರ್ಕಾರದ ಸಂರಕ್ಷಣಾ ಇಲಾಖೆಯ ಜತೆಗೂಡಿ ಕೆಲಸ ಮಾಡಲು ಅವರನ್ನು ಸಜ್ಜುಗೊಳಿಸುತ್ತದೆ. 2024ರ ನವೆಂಬರ್‌ನಲ್ಲಿ ರುವಾಕಾಕಾ ತೀರದಲ್ಲಿ ಸಿಲುಕಿದ ಪೈಲಟ್ ತಿಮಿಂಗಿಲಗಳ ಪೈಕಿ 30ಕ್ಕೂ ಹೆಚ್ಚನ್ನು ಜನರು ಬಟ್ಟೆಯ ಮೇಲೆ ಎತ್ತಿ ಕಡಲಿಗೆ ಸೇರಿಸಿದರು. ಸತ್ತದ್ದು ನಾಲ್ಕು.

ಆದರೆ ಎಲ್ಲ ಪ್ರಯತ್ನಗಳೂ ಹೀಗೆ ಫಲಿಸುವುದಿಲ್ಲ. 2017ರ ಫೆಬ್ರುವರಿಯಲ್ಲಿ ಅದೇ ದೇಶದ ಫೇರ್‌ವೆಲ್ ಸ್ಪಿಟ್‌ನಲ್ಲಿ 400ಕ್ಕೂ ಹೆಚ್ಚು ತಿಮಿಂಗಿಲಗಳು ದಡಕ್ಕೆ ಬಿದ್ದಿದ್ದು, ಪತ್ತೆಯಾಗುವ ವೇಳೆಗಾಗಲೇ ಬಹುಪಾಲು ಸತ್ತಿದ್ದವು. ಸ್ವಯಂಸೇವಕರು ನೀರಿಗಿಳಿಸಿದವುಗಳಲ್ಲಿ ಹಲವು ಮತ್ತೆ ದಡಕ್ಕೇರಿದವು.

ಇದಕ್ಕೆ ಕಾರಣ ಪೈಲಟ್ ತಿಮಿಂಗಿಲಗಳ ಸ್ವಭಾವದಲ್ಲಿದೆ. ಗುಂಪನ್ನು ಬಿಟ್ಟಿರದ ಈ ಪ್ರಾಣಿಗಳನ್ನು ಒಂದೊಂದಾಗಿ ನೀರಿಗೆ ದೂಡಿದರೆ, ದಡದಲ್ಲುಳಿದ ಸಂಗಾತಿಗಳತ್ತ ಅವು ಹಿಂತಿರುಗುವ ಸಂಭವವಿರುತ್ತದೆ. ಆದ್ದರಿಂದ ಭರತ ಬರುವವರೆಗೆ ಕಾದು, ಗುಂಪನ್ನು ಒಟ್ಟುಗೂಡಿಸಿ ಬಿಡಬೇಕಾಗುತ್ತದೆ. ಅಲ್ಲಿಯವರೆಗೆ ಪ್ರಾಣಿಯ ಮೈಯನ್ನು ಒದ್ದೆ ಬಟ್ಟೆಯಿಂದ ತಂಪಾಗಿಡಬೇಕು. ತಲೆಯ ಮೇಲಿನ ಉಸಿರಿನ ರಂಧ್ರಕ್ಕೆ ನೀರು, ಮರಳು ಸೇರಬಾರದು. ಬಾಲ ಹಿಡಿದು ಎಳೆಯಬಾರದು. ತರಬೇತಿಯಿಲ್ಲದ ಕರುಣೆ ಇಲ್ಲಿ ಅಪಾಯವನ್ನೇ ತರಬಹುದು.

ಯಾವಾಗ ಕೈಬಿಡಬೇಕೆಂಬ ನಿರ್ಧಾರ ಇನ್ನೂ ಕಠಿಣವಾದುದು. 2022ರ ಅಕ್ಟೋಬರ್‌ನಲ್ಲಿ ದೂರದ ಚಾಥಮ್ ದ್ವೀಪಗಳಲ್ಲಿ ಸುಮಾರು 500 ತಿಮಿಂಗಿಲಗಳು ಸಿಲುಕಿದಾಗ, ಶಾರ್ಕ್‌ಗಳಿಂದ ಮನುಷ್ಯರಿಗೂ ತಿಮಿಂಗಿಲಗಳಿಗೂ ಇದ್ದ ಅಪಾಯವನ್ನು ಪರಿಗಣಿಸಿ ರಕ್ಷಣಾ ಕಾರ್ಯ ಕೈಗೊಳ್ಳಲಿಲ್ಲ. ಬದುಕುಳಿದಿದ್ದವುಗಳಿಗೆ ದಯಾಮರಣ ನೀಡಲಾಯಿತು. ಇಂತಹ ನಿರ್ಧಾರವನ್ನು ದಡದಲ್ಲಿ ನೆರೆದ ಜನರ ಮೇಲೆ ಹೊರಿಸಲಾಗದು. ಹೊಣೆ ಹೊರುವ ಇಲಾಖೆಯೊಂದು ಇರಲೇಬೇಕು.

ಭಾರತಕ್ಕೂ ಈ ಪಾಠ ಅನ್ವಯಿಸುತ್ತದೆ. 2016ರ ಜನವರಿಯಲ್ಲಿ ತಮಿಳುನಾಡಿನ ಮಣಪಾಡು ಸುತ್ತಮುತ್ತ 80ಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ಸಿಲುಕಿದಾಗ ಮೊದಲು ಧಾವಿಸಿದವರು ಮೀನುಗಾರರು. ಅವರು ನೀರಿಗೆ ದೂಡಿದವುಗಳಲ್ಲಿಯೂ ಹಲವು ಹಿಂತಿರುಗಿದವು. 40ಕ್ಕೂ ಹೆಚ್ಚು ಸತ್ತವು. ಐದು ವರ್ಷಗಳ ನಂತರ, 2021ರ ಜನವರಿಯಲ್ಲಿ, ಕೇಂದ್ರ ಪರಿಸರ ಸಚಿವಾಲಯವು ದಡಕ್ಕೆ ಬೀಳುವ ದೊಡ್ಡ ಕಡಲಜೀವಿಗಳ ರಕ್ಷಣೆಗೆ ಮಾರ್ಗಸೂಚಿ ಪ್ರಕಟಿಸಿತು.

ಮಾರ್ಗಸೂಚಿಯ ಯಶಸ್ಸು ಅದು ಕಡಲತೀರದ ಹಳ್ಳಿಗಳನ್ನು ಎಷ್ಟರಮಟ್ಟಿಗೆ ತಲುಪುತ್ತದೆ ಎಂಬುದನ್ನು ಅವಲಂಬಿಸಿದೆ. ಮೀನುಗಾರರ ಸಹಕಾರ ದೊರೆಯದೆಂಬ ಶಂಕೆಗೆ ಆಧಾರವಿಲ್ಲ. ಗುಜರಾತ್‌ನಲ್ಲಿ 2004ರಲ್ಲಿ ಆರಂಭವಾದ ಅಭಿಯಾನದ ಫಲವಾಗಿ, ಬಲೆಗೆ ಬಿದ್ದ ನೂರಾರು ವೇಲ್ ಶಾರ್ಕ್ ಮೀನುಗಳನ್ನು ಅವರೇ ಬಲೆ ಕತ್ತರಿಸಿ ಬಿಟ್ಟಿದ್ದಾರೆ. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ನೀಡುತ್ತ ಬಂದಿದೆ. ಕರ್ನಾಟಕವೂ ಸೇರಿದಂತೆ ಎಲ್ಲ ಕರಾವಳಿ ರಾಜ್ಯಗಳು ತರಬೇತಿಯನ್ನು ಆರಂಭಿಸಬೇಕಾದುದು ಈ ಮೀನುಗಾರರಿಂದಲೇ. ದಡಕ್ಕೆ ಮೊದಲು ತಲುಪುವವರು ಅವರೇ ಅಲ್ಲವೇ?