ಕೆಂಪು ಕಣ್ಣಿನ ಮೊಲ ಮಾಡಿದ ತಪ್ಪೇನು?

ಅಲ್ರೀ, ಮೊಲ ದತ್ತು ತಗೊಳ್ಳೋಕೆ ಹೋಗಿ, ಬಿಳಿ ಮೊಲದ ಕೆಂಪು ಕಣ್ಣು ಕಂಡ ಕೂಡಲೇ 'ದೆವ್ವದ ಥರ ಇದೆ' ಅಂತೀರಲ್ಲ, ಅದು ಬಣ್ಣವೇ ಅಲ್ಲ. ಕಣ್ಣಲ್ಲಿ ಮೆಲನಿನ್ ಇಲ್ಲದ್ದಕ್ಕೆ ಒಳಗಿನ ರಕ್ತನಾಳ ಕಾಣುತ್ತೆ, ಅಷ್ಟೇ. ಕಂದು ಮೊಲಕ್ಕೆ 'ಕಾಡುಮೊಲದ ಬಣ್ಣ' ಅಂತ ಮೂಗು ಮುರಿಯೋರು ಅದರ ಕೂದಲು ಬಿಡಿಸಿ ನೋಡಿ: ಒಂದೇ ಎಳೆಯಲ್ಲಿ ಎರಡು ಮೂರು ಬಣ್ಣದ ಪಟ್ಟೆ!

ನಮ್ಮ ಕಡೆ ಸಂತೆಯಲ್ಲಿ ಎತ್ತಿನ ಬಣ್ಣ, ಸುಳಿ ನೋಡ್ತಾರೆ, ನಿಜ. ಆದ್ರೆ ಬಾಯಿ ಬಿಡಿಸಿ ಹಲ್ಲು ನೋಡದೆ ಯಾರೂ ದುಡ್ಡು ಬಿಚ್ಚಲ್ಲ. ಮೊಲದಲ್ಲೂ ಹಲ್ಲೇ ಮುಖ್ಯ. ಸಾಯೋವರೆಗೂ ಬೆಳೆಯುವ ಆ ಹಲ್ಲು ಒಣಹುಲ್ಲು ಅಗಿದು ಸವೆಯಬೇಕು. 8-10 ವರ್ಷ ಹುಲ್ಲು ಹಾಕಿ, ಹಿಕ್ಕೆ ಬಳಿಯೋಕೆ ತಯಾರಿದ್ದೀರಾ? ಹಾಗಿದ್ರೆ ಎಲ್ಲರೂ ಬೇಡ ಅಂದು ಪಂಜರದಲ್ಲೇ ಉಳಿದಿರೋ ಮೊಲವನ್ನೇ ಕೇಳಿ. ಫೋಟೋಗೆ ಒಪ್ಪುವ ಬಣ್ಣವೇ ಬೇಕಾ? ಗೊಂಬೆ ತಗೊಳ್ಳಿ.