ಗಂಟು ತೆಗೆದ ಮೊದಲ ಗಂಟೆ

ಸ್ತನದಲ್ಲಿ ಗಂಟು ಕಾಣಿಸಿಕೊಂಡು ಅದನ್ನು ತೆಗೆಸಿದ ಮೇಲೆ ಮನೆಯವರು ವೈದ್ಯರನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ‘ಅದು ಕ್ಯಾನ್ಸರೇ?’ ಹೌದೆಂದಾದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ‘ಅದರಲ್ಲಿ ಹಾರ್ಮೋನಿನ ಗ್ರಾಹಿಗಳಿವೆಯೇ?’ ಮುಂದಿನ ಐದು-ಹತ್ತು ವರ್ಷಗಳ ಚಿಕಿತ್ಸೆ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುತ್ತದೆ. ಆ ಉತ್ತರ ಸರಿಯಾಗಿ ಬರಬೇಕಾದರೆ ದೊಡ್ಡ ಊರಿನ ಪ್ರಯೋಗಾಲಯವೊಂದೇ ಸಾಲದು. ಯಾದಗಿರಿ, ಶಹಾಪುರ, ಸುರಪುರಗಳ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೂ ಸ್ವಲ್ಪ ಎಚ್ಚರ ಬೇಕು.

ಬೀಗ ಮತ್ತು ಕೀಲಿಕೈ

ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಸ್ಟೀರಾಯ್ಡ್ ಜಾತಿಯ ಹಾರ್ಮೋನುಗಳು. ರಕ್ತದ ಮೂಲಕ ಇವು ಮೈಯೆಲ್ಲ ಸಂಚರಿಸಿದರೂ ಕೆಲಸ ಮಾಡುವುದು ತಮಗೆ ಹೊಂದುವ ಗ್ರಾಹಿ ಇರುವ ಜೀವಕೋಶಗಳಲ್ಲಿ ಮಾತ್ರ. ಹಾರ್ಮೋನು ಕೀಲಿಕೈಯಾದರೆ ಗ್ರಾಹಿ ಬೀಗವಿದ್ದಂತೆ. ಅನೇಕ ಸ್ತನ ಕ್ಯಾನ್ಸರುಗಳಲ್ಲಿ ಈ ಬೀಗಗಳಿರುತ್ತವೆ. ಅಂಥ ಕ್ಯಾನ್ಸರ್ ಹಾರ್ಮೋನಿನ ಬಲದಿಂದ ಬೆಳೆಯುತ್ತದೆ. ಟಮಾಕ್ಸಿಫೆನ್ ಮಾತ್ರೆ ಆ ಬೀಗದಲ್ಲಿ ತಾನೇ ಸೇರಿಕೊಂಡು ಹಾರ್ಮೋನಿಗೆ ಜಾಗವಿಲ್ಲದಂತೆ ಮಾಡುತ್ತದೆ.

ಗ್ರಾಹಿಯಿರುವ ರೋಗಿಗಳು ಈ ಮಾತ್ರೆಯನ್ನು ಐದು ವರ್ಷ ಸೇವಿಸಿದರೆ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ ಎಂದು ಹಲವಾರು ಪ್ರಯೋಗಗಳ ಒಟ್ಟು ವಿಶ್ಲೇಷಣೆ 2011ರಲ್ಲಿ ತೋರಿಸಿತು. ಮಾತ್ರೆ ದುಬಾರಿಯೂ ಅಲ್ಲ. ಹಾಗಿದ್ದರೆ ಪರೀಕ್ಷೆಯ ಗೊಡವೆಯಿಲ್ಲದೆ ಎಲ್ಲರಿಗೂ ಕೊಟ್ಟುಬಿಡಬಹುದಲ್ಲ ಎನ್ನುವವರಿದ್ದಾರೆ. ಅದು ಸರಿಯಲ್ಲ. ಗ್ರಾಹಿಯಿಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ. ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಅಪರೂಪಕ್ಕೆ ಗರ್ಭಕೋಶದ ಒಳಪದರದ ಕ್ಯಾನ್ಸರ್ - ಈ ಅಪಾಯಗಳಷ್ಟೇ ಅವರ ಪಾಲಿಗೆ ಉಳಿಯುತ್ತವೆ.

ಅಳೆಯುವ ಬಗೆ ಬದಲಾಯಿತು

ಅಂಡಾಶಯಗಳನ್ನು ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಕೆಲವರಿಗೆ ಮಾತ್ರ ಏಕೆ ಎಂಬುದು ತಿಳಿದದ್ದು ಬಹಳ ತಡವಾಗಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಲ್ವುಡ್ ಜೆನ್ಸೆನ್ ವಿಕಿರಣಶೀಲ ಗುರುತು ಹಚ್ಚಿದ ಈಸ್ಟ್ರೋಜೆನ್ ಬಳಸಿ ಗ್ರಾಹಿಯ ಇರವನ್ನು ತೋರಿಸಿದರು.

ಮೊದಲು ಬಳಕೆಗೆ ಬಂದ ಪರೀಕ್ಷೆಗೆ ಹಸಿ ಗಂಟೇ ಬೇಕಿತ್ತು. ತೆಗೆದ ಕೂಡಲೇ ಅದನ್ನು ಹೆಪ್ಪುಗಟ್ಟಿಸಿ, ಪ್ರಯೋಗಾಲಯದಲ್ಲಿ ಅರೆದು, ವಿಕಿರಣಶೀಲ ಹಾರ್ಮೋನನ್ನು ಬೆರೆಸುತ್ತಿದ್ದರು. ಗ್ರಾಹಿಗೆ ಅಂಟದೆ ಉಳಿದದ್ದನ್ನು ಇದ್ದಿಲ ಪುಡಿ ಹೀರಿಕೊಂಡ ಮೇಲೆ, ಅಂಟಿಕೊಂಡದ್ದೆಷ್ಟು ಎಂದು ಯಂತ್ರದಿಂದ ಎಣಿಸುತ್ತಿದ್ದರು. ಸುರಪುರದಲ್ಲಿ ತೆಗೆದ ಗಂಟನ್ನು ದ್ರವ ಸಾರಜನಕದಲ್ಲಿಟ್ಟು, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕಲಬುರಗಿಯನ್ನೂ ದಾಟಿಸಿ ಸಾಗಿಸುವುದು ಆಗಿಹೋಗುವ ಮಾತಾಗಿರಲಿಲ್ಲ.

ಈಗಿನ ವಿಧಾನ ಬೇರೆ. ಗ್ರಾಹಿಯನ್ನೇ ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು 1980ರ ಹೊತ್ತಿಗೆ ಸಿದ್ಧವಾದವು. ಫಾರ್ಮಲಿನ್‌ನಲ್ಲಿಟ್ಟು ಮೇಣದ ಅಚ್ಚಿನಲ್ಲಿ ಕೂರಿಸಿದ ತುಣುಕನ್ನು ಕೂದಲಿಗಿಂತ ತೆಳುವಾಗಿ ಕತ್ತರಿಸಿ, ಪ್ರತಿಕಾಯ ಹಾಕಿ ಬಣ್ಣ ಬರಿಸುತ್ತಾರೆ. ಗ್ರಾಹಿಯಿರುವ ಕೋಶಕೇಂದ್ರಗಳು ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯವಾಗಿ ಕಂದು ಬಣ್ಣದಲ್ಲಿ ಕಾಣುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ನೂರಕ್ಕೆ ಒಂದರಷ್ಟು ಬಣ್ಣ ಹಿಡಿದರೂ ‘ಪಾಸಿಟಿವ್’ ಎಂದೇ ಲೆಕ್ಕ. ಮೇಣದ ಅಚ್ಚು ವರ್ಷಗಟ್ಟಲೆ ಉಳಿಯುತ್ತದೆ, ಅಂಚೆಯಲ್ಲೂ ಕಳಿಸಬಹುದು. ಎಂದರೆ ದೂರ ಈಗ ನೆಪವಾಗಲಾರದು.

ಕೆಡುವುದು ಎಲ್ಲಿ?

ಗ್ರಾಹಿ ಒಂದು ಪ್ರೋಟೀನು. ದೇಹದಿಂದ ಬೇರ್ಪಟ್ಟ ಗಂಟಿನಲ್ಲಿ ಅದು ಕೆಡತೊಡಗುತ್ತದೆ; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇನ್ನೂ ಬೇಗ. ಆದ್ದರಿಂದ ತೆಗೆದ ಒಂದು ಗಂಟೆಯೊಳಗೆ ಅದು ಫಾರ್ಮಲಿನ್ ಸೇರಬೇಕು. ದ್ರಾವಣ 10 ಪ್ರತಿಶತದ, ಆಮ್ಲೀಯವಾಗದಂತೆ ಸರಿಪಡಿಸಿದ ಫಾರ್ಮಲಿನ್ ಆಗಿರಬೇಕು. ಗಂಟಿನ ಗಾತ್ರಕ್ಕೆ ಹತ್ತು ಪಟ್ಟಾದರೂ ಇರಬೇಕು. ದೊಡ್ಡ ಗಂಟಿನ ನಡುವಿಗೆ ಅದು ತಾನಾಗಿ ಇಳಿಯುವುದಿಲ್ಲ. ಬಲ್ಲವರು ಸೀಳಿ ಇಡಬೇಕು. 6 ಗಂಟೆಗಿಂತ ಕಡಿಮೆಯಾಗಲಿ 72 ಗಂಟೆಗಿಂತ ಹೆಚ್ಚಾಗಲಿ ಅದರಲ್ಲಿರಬಾರದು. ಸಲೈನಿನಲ್ಲಿ ಅದ್ದಿಟ್ಟ ಅಥವಾ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಗಂಟು ಬಸ್ಸಿನಲ್ಲಿ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಗ್ರಾಹಿಗಳು ಅಳಿದು, ಇದ್ದದ್ದು ‘ಇಲ್ಲ’ ಎಂದು ವರದಿಯಾಗಬಹುದು. ಆಗ ಅಗ್ಗದ ಮಾತ್ರೆಯೊಂದರಿಂದ ಬದುಕಬಹುದಾಗಿದ್ದ ಹೆಣ್ಣುಮಗಳಿಗೆ ಆ ಮಾತ್ರೆಯನ್ನು ಯಾರೂ ಬರೆದುಕೊಡುವುದಿಲ್ಲ.

‘ರೋಗಿ ಹೇಗೂ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಬೆಂಗಳೂರಿಗೋ ಹೋಗುತ್ತಾರೆ, ಅಲ್ಲಿ ನೋಡಿಕೊಳ್ಳುತ್ತಾರೆ’ ಎನ್ನುವುದುಂಟು. ಆದರೆ ಅಲ್ಲಿಯವರು ಪರೀಕ್ಷಿಸುವುದು ಇಲ್ಲಿ ತೆಗೆದ ತುಣುಕನ್ನೇ. ಇಲ್ಲಿ ಕೆಟ್ಟದ್ದನ್ನು ಅಲ್ಲಿ ಯಾವ ತಜ್ಞರೂ ಸರಿಪಡಿಸಲಾರರು.

ಏನಾಗಬೇಕು?

ಪ್ರತಿ ತಾಲ್ಲೂಕಿಗೂ ಈ ಪರೀಕ್ಷೆಯ ಪ್ರಯೋಗಾಲಯ ಬೇಕೆಂದು ನಾನು ಹೇಳುತ್ತಿಲ್ಲ. ಬೇಕಾದದ್ದು ಅಗಲ ಬಾಯಿಯ ಡಬ್ಬಿ, ಸರಿಯಾದ ಫಾರ್ಮಲಿನ್ ಮತ್ತು ಎರಡು ಸಮಯ ಬರೆದ ಚೀಟಿ: ಗಂಟು ತೆಗೆದದ್ದು ಎಷ್ಟು ಗಂಟೆಗೆ, ಫಾರ್ಮಲಿನ್‌ಗೆ ಹಾಕಿದ್ದು ಎಷ್ಟು ಗಂಟೆಗೆ. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮೂರೂ ಊರುಗಳ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಸಿಬ್ಬಂದಿಗೆ ಇಷ್ಟನ್ನು ಕಲಿಸುವ ಹೊಣೆಯನ್ನು ಅದರ ರೋಗಶಾಸ್ತ್ರ ವಿಭಾಗ ಹೊರಬೇಕು.

ಮನೆಯವರೂ ಸುಮ್ಮನಿರಬಾರದು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ದಪ್ಪ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಬಹುದೇ ಎಂದು ಕೇಳಿ. ಸಣ್ಣ ತುಣುಕಿಗೆ ಫಾರ್ಮಲಿನ್ ಬೇಗ ಇಳಿಯುತ್ತದೆ. ತೆಗೆದ ಗಂಟನ್ನು ಎಸೆಯಲು ಬಿಡಬೇಡಿ. ವರದಿಯಲ್ಲಿ ‘ಇ.ಆರ್.’, ‘ಪಿ.ಆರ್.’ ಎಂಬ ಎರಡು ಸಾಲುಗಳಿವೆಯೇ ನೋಡಿ. ಇಲ್ಲವಾದರೆ ವೈದ್ಯರನ್ನು ಕೇಳಿ. ಬೇರೆ ಊರಿನ ವೈದ್ಯರಲ್ಲಿಗೆ ಹೋಗುವಾಗ ವರದಿಯೊಡನೆ ಮೇಣದ ಅಚ್ಚನ್ನೂ ಕೇಳಿ ಪಡೆಯಿರಿ. ಸಂದೇಹ ಬಂದರೆ ಅದರಿಂದಲೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬಹುದು.