ಗಾಯಕ್ಕೆ ರಜೆ ಕೊಡದ ತಂಡ ಗೆಲ್ಲದು

ಕಬಡ್ಡಿ ತಂಡವೊಂದು ಮೇಲಿಂದ ಮೇಲೆ ಸೋಲತೊಡಗಿದರೆ ಕಾರಣ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ತರಬೇತುದಾರ ಸರಿಯಿಲ್ಲ ಎನ್ನುವವರು ಕೆಲವರು, ನಾಯಕನ ತಪ್ಪು ಎನ್ನುವವರು ಕೆಲವರು, ಅಂಪೈರ್ ಪಕ್ಷಪಾತ ಮಾಡಿದರು ಎನ್ನುವವರು ಇನ್ನು ಕೆಲವರು. ಆದರೆ ಅಂದು ಅಂಗಣಕ್ಕಿಳಿದ ಏಳು ಮಂದಿಯಲ್ಲಿ ಎಷ್ಟು ಜನರ ಮೊಣಕಾಲು, ಭುಜ, ಪಾದದ ಕೀಲು ನೆಟ್ಟಗಿದ್ದವು ಎಂದು ಕೇಳುವವರು ಅಪರೂಪ. ಒಂದು ತಂಡದ ವರ್ಷದ ಹಣೆಬರಹವನ್ನು ಬರೆಯುವುದರಲ್ಲಿ ಈ ಕೇಳದ ಪ್ರಶ್ನೆಯ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಕಬಡ್ಡಿಗೆ ಬ್ಯಾಟು ಬೇಡ, ಚೆಂಡು ಬೇಡ, ದೇಹವೇ ಅದರ ಸಲಕರಣೆ. 30 ಸೆಕೆಂಡುಗಳ ಒಂದು ರೇಡಿನಲ್ಲಿ ಒಬ್ಬನ ಓಟವನ್ನು ಏಳು ಜನ ತಡೆಯುತ್ತಾರೆ. ಒಬ್ಬ ಪಾದ ಹಿಡಿಯುತ್ತಾನೆ, ಇನ್ನೊಬ್ಬ ತೊಡೆಗೆ ಬೀಳುತ್ತಾನೆ, ಮತ್ತಿಬ್ಬರು ಸೊಂಟಕ್ಕೆ. ರೇಡರ್ ಮಾತ್ರ ಮಧ್ಯದ ಗೆರೆಯ ಕಡೆಗೆ ಮೈ ತಿರುಚಿ ಎಳೆಯುತ್ತಲೇ ಇರುತ್ತಾನೆ. ಪಾದ ನೆಲಕ್ಕೆ ಕಚ್ಚಿಕೊಂಡು ದೇಹ ಬೇರೆ ದಿಕ್ಕಿಗೆ ತಿರುಗಿದಾಗ ಇಡೀ ಭಾರ ಮೊಣಕಾಲಿನೊಳಗಿನ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಅಸ್ಥಿರಜ್ಜು, ಅಂದರೆ ಲಿಗಮೆಂಟ್, ಎರಡು ಎಲುಬುಗಳನ್ನು ಬಿಗಿದು ಕಟ್ಟಿರುವ ಹಗ್ಗ. ಅದು ಸ್ವಲ್ಪ ಹಿಗ್ಗಿದರೆ ಉಳುಕು, ಪೂರ್ತಿ ಹರಿದರೆ ಆಟವೇ ನಿಲ್ಲುವ ಗಾಯ. ಹಿಡಿಯುವವನೂ ಸುರಕ್ಷಿತನಲ್ಲ. ಅವನ ಬೆರಳು, ಭುಜ, ತಲೆ ಸದಾ ಅಪಾಯದಲ್ಲಿರುತ್ತವೆ.

ಒಂದು ಉದಾಹರಣೆ

2022ರ ಅಕ್ಟೋಬರ್‌ನಲ್ಲಿ ಪ್ರೊ ಕಬಡ್ಡಿ ಲೀಗಿನ ಒಂಬತ್ತನೆಯ ಆವೃತ್ತಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆರಂಭವಾಯಿತು. ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟಿದ್ದ ಪವನ್ ಸೆಹ್ರಾವತ್ ಅವರನ್ನು ಆ ವರ್ಷ ತಮಿಳ್ ತಲೈವಾಸ್ ತಂಡ 2.26 ಕೋಟಿ ರೂಪಾಯಿಗೆ ಕೊಂಡಿತ್ತು. ಮೊದಲ ಪಂದ್ಯದಲ್ಲೇ ಅವರ ಮೊಣಕಾಲಿಗೆ ಪೆಟ್ಟು ಬಿತ್ತು. ಮತ್ತೆ ಆ ಟೂರ್ನಿಯಲ್ಲಿ ಅವರು ಅಂಗಣಕ್ಕೆ ಬರಲಿಲ್ಲ. ತಂಡದ ಕತೆ ಮುಗಿಯಿತೆಂದೇ ಎಲ್ಲರೂ ತಿಳಿದರು.

ಆದದ್ದು ಬೇರೆ. ಅದೇ ತಂಡ ಆ ವರ್ಷ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ನರೇಂದರ್ ಎಂಬ ಹೊಸ ಹುಡುಗ ರೇಡಿಂಗಿನ ಹೊರೆ ಹೊತ್ತು 200ಕ್ಕೂ ಹೆಚ್ಚು ಅಂಕ ತಂದ. ಹಿಂದೆ ಹಿಡಿಯುವವರ ಸಾಲು ಬಹುಮಟ್ಟಿಗೆ ಒಂದೇ ಆಗಿ ಉಳಿಯಿತು. ಇತ್ತ ಪವನ್ ಅವರನ್ನು ಅವಸರದಿಂದ ಕರೆತಂದು ಆಡಿಸುವ ಪ್ರಯತ್ನವೂ ಆಗಲಿಲ್ಲ. ಅದರ ಫಲ ದೇಶಕ್ಕೇ ಸಿಕ್ಕಿತು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ನಾಯಕತ್ವದಲ್ಲೇ ಭಾರತ ಚಿನ್ನ ಗೆದ್ದಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಮುಂದಿನ ಆವೃತ್ತಿಯಲ್ಲಿ ಅದೇ ಪವನ್ ಅವರನ್ನು ತೆಲುಗು ಟೈಟನ್ಸ್ 2.6 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಕೊಂಡಿತು. ಅವರು ಆಡಿದರು, ಆದರೂ ತಂಡ ಕೊನೆಯ ಸ್ಥಾನದಲ್ಲೇ ಉಳಿಯಿತು. ಒಬ್ಬನ ಗಾಯದಿಂದ ಒಂದು ತಂಡ ಸಾಯಬೇಕಿಲ್ಲ, ಒಬ್ಬನ ಆರೋಗ್ಯದಿಂದ ತಂಡ ಬದುಕುವುದೂ ಇಲ್ಲ. ಉಳಿದವರೆಲ್ಲ ಎಷ್ಟು ದಿನ ಒಟ್ಟಿಗೆ, ನೋವಿಲ್ಲದೆ ಆಡಿದರು ಎಂಬುದೇ ಮುಖ್ಯ.

ವೈದ್ಯಕೀಯ ಸಂಶೋಧನೆ ಹೇಳುವುದೂ ಇದನ್ನೇ. ಯುರೋಪಿನ 9 ದೇಶಗಳ 24 ಫುಟ್‌ಬಾಲ್ ತಂಡಗಳನ್ನು 11 ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಾಯದ ಹೊರೆ ಕಡಿಮೆಯಿದ್ದ, ಹೆಚ್ಚು ಆಟಗಾರರು ಪಂದ್ಯಕ್ಕೆ ಲಭ್ಯರಿದ್ದ ವರ್ಷಗಳಲ್ಲಿ ತಂಡಗಳು ಪಟ್ಟಿಯಲ್ಲಿ ಮೇಲೆ ನಿಂತಿದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಕಬಡ್ಡಿಯಲ್ಲಿ ಕಾರ್ನರ್‌ನಲ್ಲಿ ನಿಂತವನು ಕಾಲಿಗೆ ಕೈ ಹಾಕಿದ ಕ್ಷಣದಲ್ಲೇ ಪಕ್ಕದ ಕವರ್ ಆಟಗಾರ ನೆರವಿಗೆ ಬರಬೇಕು. ಅರ್ಧ ಸೆಕೆಂಡು ತಡವಾದರೂ ರೇಡರ್ ಪಾರು. ಈ ಹೊಂದಾಣಿಕೆ ಮಾತಿನಿಂದ ಬರುವುದಿಲ್ಲ, ನೂರಾರು ಸಲ ಒಟ್ಟಿಗೆ ಬಿದ್ದು ಎದ್ದಾಗ ಬರುತ್ತದೆ. ವಾರಕ್ಕೊಬ್ಬ ಹೊಸ ಕವರ್ ಬಂದರೆ ಕಾರ್ನರ್‌ನವನು ಒಂಟಿಯಾಗಿ ಹಿಡಿಯಲು ಹೋಗುತ್ತಾನೆ. ಒಂಟಿಯಾಗಿ ಹಿಡಿಯುವವನಿಗೆ ಪೆಟ್ಟಿನ ಸಂಭವ ಹೆಚ್ಚು. ಹೀಗೆ ಒಂದು ಗಾಯ ಮತ್ತೊಂದಕ್ಕೆ ದಾರಿ ಮಾಡುತ್ತದೆ.

ಆಸ್ಟ್ರೇಲಿಯದ ರಗ್ಬಿ ಲೀಗ್ ನಮ್ಮ ಕಬಡ್ಡಿಯಂತೆಯೇ ಹಿಡಿದು ಕೆಡವುವ ಆಟ. ತಂಡಕ್ಕೆ 13 ಜನ, 80 ನಿಮಿಷ. ಅಲ್ಲಿ ಪೆನ್ರಿತ್ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಪ್ರಶಸ್ತಿ ಗೆದ್ದಿತು. 2024ರಲ್ಲಿ ಅದರ ಮುಖ್ಯ ಆಟಗಾರ ನೇಥನ್ ಕ್ಲಿಯರಿ ತೊಡೆಯ ಹಿಂಭಾಗದ ಸ್ನಾಯುವಿನ ಗಾಯ ಹಾಗೂ ಭುಜದ ಗಾಯದಿಂದ ಹಲವು ಪಂದ್ಯಗಳಿಗೆ ದೂರವಿದ್ದರು. ಆದರೂ ಫೈನಲ್‌ನಲ್ಲಿ ಮೆಲ್ಬರ್ನ್ ತಂಡವನ್ನು 14-6ರಿಂದ ಸೋಲಿಸಿತು. ತನ್ನದೇ ಊರಿನ ಕಿರಿಯರನ್ನು ವರ್ಷಗಟ್ಟಲೆ ಒಂದೇ ಪದ್ಧತಿಯಲ್ಲಿ ಬೆಳೆಸಿದ್ದರಿಂದ ಎರಡನೇ ಸಾಲು ಸಿದ್ಧವಾಗಿತ್ತು. ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಾಡಿದೆ ಎಂದು ತಿಳಿದರೆ ಸಾಮಾನ್ಯವಾಗಿ ಕನಿಷ್ಠ 11 ದಿನ ಆಡುವಂತಿಲ್ಲ ಎಂಬ ನಿಯಮವನ್ನೂ ಆ ಲೀಗ್ 2023ರಲ್ಲಿ ತಂದಿತು. ನಮ್ಮಲ್ಲಿ ತಲೆಗೆ ತಲೆ ಬಡಿದು ಕಣ್ಣು ಕತ್ತಲೆ ಬಂದವನಿಗೆ ನೀರು ಚಿಮುಕಿಸಿ ಮತ್ತೆ ಒಳಗೆ ಕಳಿಸುತ್ತೇವೆ.

ಊರಿನ ಅಂಗಣದಲ್ಲಿ

ಕೋಟಿಗಳ ಲೀಗಿನಲ್ಲಿ ಫಿಸಿಯೋಥೆರಪಿಸ್ಟ್ ಇರುತ್ತಾರೆ, ಸ್ಕ್ಯಾನಿಂಗ್ ಇರುತ್ತದೆ, ವಿಮೆ ಇರುತ್ತದೆ. ನನ್ನ ಚಿಂತೆ ಹೊನಲು ಬೆಳಕಿನ ಊರ ಪಂದ್ಯಾವಳಿಗಳದು. ಅಲ್ಲಿ ಸಂಜೆ ಆರಂಭವಾದ ಆಟ ಬೆಳಗಿನ ಜಾವದವರೆಗೆ ನಡೆಯುತ್ತದೆ. ಫೈನಲ್ ತಲುಪುವ ತಂಡ ಒಂದೇ ರಾತ್ರಿ ನಾಲ್ಕೈದು ಪಂದ್ಯ ಆಡಿರುತ್ತದೆ. ಹೆಸರಿಗೆ ಹನ್ನೆರಡು ಮಂದಿ, ಆಡುವವರು ಎಂಟು.

“ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಫೈನಲ್ ಇದೆ” ಎಂದು ಊದಿದ ಮೊಣಕಾಲಿನ ಹುಡುಗನನ್ನು ಬೈಕಿನಲ್ಲಿ ಕೂರಿಸಿಕೊಂಡು ಬರುವ ತಂಡದ ಹಿರಿಯರನ್ನು ಪ್ರತಿ ವರ್ಷವೂ ಕಾಣುತ್ತೇನೆ. ನನ್ನ ಉತ್ತರ ಯಾವಾಗಲೂ ಒಂದೇ, “ಇಲ್ಲಪ್ಪ, ಇವನು ಆಡುವಂತಿಲ್ಲ.” ಕೆಲವರು ಸಿಟ್ಟಾಗಿ ಬೇರೆ ಕಡೆ ಹೋಗುತ್ತಾರೆ. ನೋವಿನ ಇಂಜೆಕ್ಷನ್ ಹರಿದ ಅಸ್ಥಿರಜ್ಜುವನ್ನು ಕೂಡಿಸುವುದಿಲ್ಲ. ‘ನಿಲ್ಲು’ ಎಂದು ಕೂಗುವ ನೋವಿನ ಬಾಯಿ ಮುಚ್ಚಿಸುತ್ತದೆ, ಅಷ್ಟೆ. ಬೆವರು ಸುರಿದು ನೀರು ಕಡಿಮೆಯಾದ ದೇಹಕ್ಕೆ ಅಂಥ ಔಷಧಿ ಪದೇ ಪದೇ ಬಿದ್ದರೆ ಮೂತ್ರಪಿಂಡಕ್ಕೂ ಕೇಡು.

ಮೊಣಕಾಲಿನ ಮುಂದಿನ ಅಸ್ಥಿರಜ್ಜು ಹರಿದಾಗ ಹಲವರಿಗೆ ‘ಪಟ್’ ಎಂದ ಅನುಭವವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಳ್ಳುತ್ತದೆ, ಏಕೆಂದರೆ ಒಳಗೆ ರಕ್ತ ತುಂಬುತ್ತದೆ. ಎಕ್ಸ್-ರೇಯಲ್ಲಿ ಎಲುಬು ಮುರಿದಿಲ್ಲವೆಂದು ಸಮಾಧಾನಪಟ್ಟು ಎಣ್ಣೆ ಹಚ್ಚಿ ನೀವಿಸಿಕೊಳ್ಳುವವರೇ ಹೆಚ್ಚು. ಮೂರು ವಾರದಲ್ಲಿ ನೋವು, ಊತ ಇಳಿಯುತ್ತವೆ. ವಾಸಿಯಾಯಿತೆಂದು ಹುಡುಗ ಮತ್ತೆ ಅಂಗಣಕ್ಕೆ ಇಳಿಯುತ್ತಾನೆ. ತಿರುಗಿದಾಗ ಮೊಣಕಾಲು ಜಾರಿ ಕುಸಿಯುತ್ತದೆ. ಹೀಗೆ ಎರಡು ಮೂರು ಸಲ ಆದರೆ ಎಲುಬುಗಳ ನಡುವಿನ ಮೆತ್ತೆಯೂ ಹರಿದು, ನಡುವಯಸ್ಸಿಗೇ ಮೊಣಕಾಲು ಸವೆಯುತ್ತದೆ.

ಶಸ್ತ್ರಚಿಕಿತ್ಸೆ ಆದವರೂ ಅವಸರ ಮಾಡುವಂತಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಮೊಣಕಾಲಿಗೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗಿದ್ದು ಕಂಡುಬಂತು. ಒಂಬತ್ತು ತಿಂಗಳು ಎಂದರೆ ಒಂದು ಇಡೀ ವರ್ಷದ ಆಟ. ಊರಿನ ಆಟಗಾರನಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಅನ್ನದ್ದು. ಮೂಟೆ ಹೊರುವವನಿಗೆ, ಮರ ಹತ್ತುವವನಿಗೆ, ಆಟೋ ಓಡಿಸುವವನಿಗೆ ಮೊಣಕಾಲೇ ಬಂಡವಾಳ. ಟ್ರೋಫಿ ಸಂಘದ ಕಪಾಟಿಗೆ ಹೋಗುತ್ತದೆ, ಕುಂಟು ಕಾಲು ಅವನ ಮನೆಗೆ ಹೋಗುತ್ತದೆ.

‘ನಮ್ಮ ಸಣ್ಣ ತಂಡಕ್ಕೆ ಅಷ್ಟು ಆಟಗಾರರು ಎಲ್ಲಿಂದ ಬರಬೇಕು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗಾಯಗೊಂಡವನನ್ನು ಇಂದು ಆಡಿಸುವ ತಂಡಕ್ಕೆ ಮುಂದಿನ ವರ್ಷ ಆಟಗಾರರು ಇನ್ನೂ ಕಡಿಮೆಯಾಗುತ್ತಾರೆ. ಗೆಲ್ಲುವುದು ಖಚಿತವಾದ ಪಂದ್ಯದಲ್ಲಿ ಒಂಬತ್ತನೆಯ, ಹತ್ತನೆಯ ಹುಡುಗನಿಗೆ ಅವಕಾಶ ಕೊಟ್ಟರೆ ಕಷ್ಟಕಾಲಕ್ಕೆ ಅವನು ಒದಗುತ್ತಾನೆ. ಎರಡನೇ ಸಾಲು ಹಣದಿಂದಲೇ ಬರಬೇಕೆಂದಿಲ್ಲ.

ಆಟಗಾರರು ಗಮನಿಸಬೇಕಾದದ್ದು

ಅಂಗಣಕ್ಕಿಳಿಯುವ ಮೊದಲು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಮಂಡಿಯೂರಿ ನಿಂತು, ಗೆಳೆಯನೊಬ್ಬ ಹಿಂದಿನಿಂದ ಪಾದಗಳನ್ನು ಹಿಡಿದಿರಲು, ಬೆನ್ನು ಬಾಗಿಸದೆ ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮವನ್ನು ಅಭ್ಯಾಸದ ದಿನಗಳಲ್ಲಿ ಮಾಡಿ. ತೊಡೆಯ ಹಿಂಭಾಗದ ಸ್ನಾಯುವಿನ ಗಾಯಗಳನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಪೆಟ್ಟು ಬಿದ್ದರೆ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಮೊದಲ ಎರಡು ದಿನ ಬಿಸಿ ಶಾಖ, ಎಣ್ಣೆ ತಿಕ್ಕುವುದು, ಮದ್ಯಪಾನ ಬೇಡ. ಕಾಲೂರಲು ಆಗದಿದ್ದರೆ, ಬೇಗನೆ ಊದಿಕೊಂಡರೆ, ಮೊಣಕಾಲು ಸಿಕ್ಕಿಕೊಂಡಂತಾದರೆ ಅಥವಾ ಮೆಟ್ಟಿಲಿಳಿಯುವಾಗ ಕುಸಿದರೆ ಮೂಳೆ ತಜ್ಞರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಗೊಂದಲ ಕಂಡರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ನೋವು ಹೋದುದಷ್ಟೇ ಮರಳಿ ಆಡಲು ಪರವಾನಗಿಯಲ್ಲ. ಗಾಯವಾದ ಕಾಲಿನ ಶಕ್ತಿ ಇನ್ನೊಂದು ಕಾಲಿಗೆ ಸಮನಾಗಬೇಕು, ಒಂಟಿಕಾಲಿನಲ್ಲಿ ಜಿಗಿಯುವಾಗ, ಓಡುತ್ತ ತಟ್ಟನೆ ತಿರುಗುವಾಗ ಅಳುಕಿರಬಾರದು.

ಪಂದ್ಯಾವಳಿಗಳ ಸಂಘಟಕರಲ್ಲಿ ನನ್ನದು ಮೂರೇ ಕೋರಿಕೆ. ಒಂದು ರಾತ್ರಿಗೆ ಒಂದು ತಂಡಕ್ಕೆ ಎರಡಕ್ಕಿಂತ ಹೆಚ್ಚು ಪಂದ್ಯ ಇಡಬೇಡಿ. ಬಹುಮಾನದ ಹಣದಲ್ಲಿ ಒಂದು ಪಾಲನ್ನು ಗಾಯಾಳುಗಳ ಚಿಕಿತ್ಸೆಗೆ ತೆಗೆದಿಡಿ. ಆಡಬಹುದೇ ಬೇಡವೇ ಎಂಬ ಕೊನೆಯ ಮಾತನ್ನು ನಾಯಕನಿಗಾಗಲಿ, ತರಬೇತುದಾರನಿಗಾಗಲಿ, ಆಡಲು ಹಟ ಹಿಡಿದ ಆಟಗಾರನಿಗಾಗಲಿ ಬಿಡದೆ ಮೈದಾನದಲ್ಲಿರುವ ವೈದ್ಯರಿಗೆ ಬಿಡಿ. ವೈದ್ಯರೇ ಇಲ್ಲದಿದ್ದರೆ, ಅನುಮಾನ ಬಂದವನನ್ನು ಕೂರಿಸಿ. ಸೋತ ಪಂದ್ಯವನ್ನು ಮುಂದಿನ ವರ್ಷ ಗೆಲ್ಲಬಹುದು.